ಕಾರಿಗೆ ನ್ಯಾವಿಗೇಶನ್: ಫೋನೋ, ಬಿಡಿ ಜಿಪಿಎಸ್ಸೋ, ಡ್ಯಾಶ್‌ಬೋರ್ಡಿನದ್ದೋ? ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ತಲಪಾಡಿಯಿಂದ ತೃಕ್ಕರಿಪುರದ ತನಕ, ಕಡಲಕರೆಯಿಂದ ಪಾಣತ್ತೂರಿನ ಘಟ್ಟದ ಬುಡದ ತನಕ ಕಾರು ಓಡಿಸುವವರು ಮತ್ತು ಕಳಿಯಾಟ, ಮದುವೆ, ಗೃಹಪ್ರವೇಶಗಳಿಗೆ ಮಂಗಳೂರು, ಬೆಂಗಳೂರಿನಿಂದ ಊರಿಗೆ ಬರುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಅಂಗಡಿಗೆ ಹೋದರೆ ಸ್ಕ್ರೀನ್ ಎಷ್ಟು ಇಂಚು ಎಂಬ ಮಾತೇ ಮೊದಲು ಬರುತ್ತದೆ. ನಮ್ಮ ಜಿಲ್ಲೆಯ ಮಟ್ಟಿಗೆ ಮೊದಲು ಕೇಳಬೇಕಾದ್ದು ಎರಡು: ಒಳಗಿನ ನಕ್ಷೆ ಎಷ್ಟು ಹೊಸದು? ನೆಟ್ ಹೋದಾಗ ಅದು ಏನು ಮಾಡುತ್ತದೆ?

ಒಟ್ಟು ಎಷ್ಟು ಬಗೆ ಇವೆ?

ನಾಲ್ಕು. ಹೋಲ್ಡರಿಗೆ ಸಿಕ್ಕಿಸಿದ ಮೊಬೈಲ್ ಫೋನು ಒಂದು. ದಾರಿ ತೋರಿಸಲೆಂದೇ ಮಾಡಿದ, ಗಾಜಿಗೆ ಅಂಟಿಸಿ ಸಿಗರೇಟ್ ಸಾಕೆಟಿನಿಂದ ಕರೆಂಟ್ ಕೊಡುವ ಬಿಡಿ ಯಂತ್ರ ಇನ್ನೊಂದು. ಗಾರ್ಮಿನ್, ಮ್ಯಾಪ್‌ಮೈಇಂಡಿಯಾ ಹೆಸರಿನಲ್ಲಿ ಬಂದವು ಇಂಥವು. ಮೂರನೆಯದು ಕಾರಿನ ಕಂಪನಿಯೇ ಡ್ಯಾಶ್‌ಬೋರ್ಡಿನಲ್ಲಿ ಕೂರಿಸಿ ಕೊಡುವ ನ್ಯಾವಿಗೇಶನ್. ಇದು ಸಾಮಾನ್ಯವಾಗಿ ಮೇಲಿನ ಮಾಡೆಲ್‌ಗಳಲ್ಲಿ ಮಾತ್ರ ಸಿಗುತ್ತದೆ. ಕಾರು ಕೊಂಡ ಮೇಲೆ ಹೊರಗಿನ ಅಂಗಡಿಯಲ್ಲಿ ಹಾಕಿಸುವ ಆಂಡ್ರಾಯ್ಡ್ ಸ್ಟೀರಿಯೊ ನಾಲ್ಕನೆಯದು.

ಇವುಗಳ ನಡುವೆ ಆಂಡ್ರಾಯ್ಡ್ ಆಟೋ ಮತ್ತು ಆಪಲ್ ಕಾರ್‌ಪ್ಲೇ ಬರುತ್ತವೆ. ಇವು ಬೇರೆ ಯಂತ್ರಗಳಲ್ಲ. ಫೋನಿನಲ್ಲಿರುವ ನಕ್ಷೆಯೇ ಕಾರಿನ ಸ್ಕ್ರೀನಿನಲ್ಲಿ ಕಾಣುತ್ತದೆ. ಶೋರೂಮಿನಲ್ಲಿ ‘ನ್ಯಾವಿಗೇಶನ್ ಇದೆ’ ಎಂದರೆ ಕಾರಿನ ಒಳಗೇ ನಕ್ಷೆ ಇದೆಯೋ, ಆಂಡ್ರಾಯ್ಡ್ ಆಟೋ ಮಾತ್ರವೋ ಎಂದು ಬಿಡಿಸಿ ಕೇಳಿ. ಎಷ್ಟೋ ಜನ ಎರಡನೆಯದನ್ನೇ ಮೊದಲನೆಯದೆಂದು ತಿಳಿದು ಹಣ ಕೊಡುತ್ತಾರೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಇರುವ ಕಾರು ನಿಮ್ಮಲ್ಲಿದ್ದರೆ ಅಷ್ಟೇ ಸಾಕು. ಬರೇ ನ್ಯಾವಿಗೇಶನಿಗಾಗಿ ಮೇಲಿನ ಮಾಡೆಲಿಗೆ ಹೋಗಬೇಡಿ. ಸ್ಕ್ರೀನೇ ಇಲ್ಲದ ಹಳೆ ಕಾರಿಗೆ ಒಳ್ಳೆಯ ಹೋಲ್ಡರು, ಗಟ್ಟಿ ಚಾರ್ಜರು, ಫೋನಿನಲ್ಲಿ ಇಳಿಸಿಟ್ಟ ಆಫ್‌ಲೈನ್ ನಕ್ಷೆ ಇದ್ದರೆ ಜಿಲ್ಲೆಯೊಳಗೂ ಮಂಗಳೂರಿಗೂ ಧಾರಾಳ. ಇನ್ನೂ ಐದಾರು ವರ್ಷ ಇಟ್ಟುಕೊಳ್ಳುವ ಕಾರಾದರೆ ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸುವುದರಲ್ಲಿ ಅರ್ಥವಿದೆ. ರಿವರ್ಸ್ ಕ್ಯಾಮರಾವೂ ಅದರೊಟ್ಟಿಗೆ ಬರುತ್ತದೆ.

ಬಿಡಿ ಜಿಪಿಎಸ್ ಯಂತ್ರ ಈಗ ಕೆಲವರಿಗೆ ಮಾತ್ರ. ಫೋನಿಗೆ ದಿನವಿಡೀ ಕರೆ ಬರುತ್ತಿರುವ ಬಾಡಿಗೆ ಕಾರಿನವರು, ನೆಟ್ ಸಿಗದ ಘಟ್ಟದ ಮಾರ್ಗದಲ್ಲೇ ಹೆಚ್ಚು ಓಡುವವರು, ಒಂದೇ ಯಂತ್ರವನ್ನು ಎರಡು ಮೂರು ವಾಹನಗಳಿಗೆ ಬದಲಿಸಿಕೊಳ್ಳುವವರು ಯೋಚಿಸಬಹುದು. ಕೊಳ್ಳುವ ಮುಂಚೆ ಆ ಮಾದರಿಗೆ ಭಾರತದ ನಕ್ಷೆ ಈಗಲೂ ಹೊಸದಾಗಿ ಬರುತ್ತಿದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ನೋಡಿ. ಬರುತ್ತಿಲ್ಲವಾದರೆ ಎಷ್ಟು ಕಡಿಮೆಗೆ ಸಿಕ್ಕಿದರೂ ಬೇಡ.

ನೆಟ್ ಇಲ್ಲದ ಕಡೆ ಜಿಪಿಎಸ್ ಕೆಲಸ ಮಾಡುತ್ತದೆಯೇ?

ಮಾಡುತ್ತದೆ. ಜಿಪಿಎಸ್ಸಿಗೂ ಇಂಟರ್‌ನೆಟ್ಟಿಗೂ ಸಂಬಂಧವಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳ ಸಂಕೇತವನ್ನು ನಿಮ್ಮ ಫೋನು ಬರೇ ಕೇಳಿಸಿಕೊಳ್ಳುತ್ತದೆ, ತಾನಾಗಿ ಏನನ್ನೂ ಕಳುಹಿಸುವುದಿಲ್ಲ. ಕನಿಷ್ಠ ನಾಲ್ಕು ಉಪಗ್ರಹ ಸಿಕ್ಕಿದರೆ ಜಾಗ ಮತ್ತು ಎತ್ತರ ಎರಡೂ ಗೊತ್ತಾಗುತ್ತವೆ. ನೆಟ್ ಬೇಕಾಗುವುದು ಆ ಜಾಗದ ಸುತ್ತಲಿನ ನಕ್ಷೆಯನ್ನು ತರಿಸಲು, ಟ್ರಾಫಿಕ್ ಬ್ಲಾಕ್ ಎಲ್ಲಿದೆ ಎಂದು ತಿಳಿಯಲು, ಹೊಸ ದಾರಿ ಹುಡುಕಲು. ಪಾಣತ್ತೂರಿನಿಂದ ಕರಿಕೆ, ಭಾಗಮಂಡಲದ ಕಡೆ ಹತ್ತುವಾಗ ಸ್ಕ್ರೀನಿನಲ್ಲಿ ನೀಲಿ ಚುಕ್ಕೆ ಮಾತ್ರ ಓಡುತ್ತಾ ಸುತ್ತ ಬಿಳಿ ಹಾಳೆ ಕಾಣಿಸುವುದು ಇದೇ ಕಾರಣಕ್ಕೆ.

ನೆಟ್ಟಿನ ಇನ್ನೊಂದು ಉಪಕಾರವಿದೆ. ಉಪಗ್ರಹಗಳು ಎಲ್ಲಿವೆ ಎಂಬ ಪಟ್ಟಿಯನ್ನು ಫೋನು ನೆಟ್ಟಿನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಬಹಳ ದಿನ ಆಫ್ ಆಗಿದ್ದ ಬಿಡಿ ಯಂತ್ರ ಅದನ್ನು ಆಕಾಶದಿಂದಲೇ ಕೇಳಿ ಬರೆದುಕೊಳ್ಳಬೇಕು, ಪೂರ್ತಿ ಪಟ್ಟಿ ಬರಲು ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ. ಅಟ್ಟದಿಂದ ಇಳಿಸಿದ ಹಳೆ ಯಂತ್ರ ‘ಉಪಗ್ರಹ ಹುಡುಕುತ್ತಿದೆ’ ಎನ್ನುತ್ತಿದ್ದರೆ ಹಾಳಾಗಿದೆ ಎಂದುಕೊಳ್ಳಬೇಡಿ. ಮರದ ನೆರಳಿಲ್ಲದ ಅಂಗಳದಲ್ಲಿ ಕಾಲು ಗಂಟೆ ನಿಲ್ಲಿಸಿ, ಆಮೇಲೆ ಹೊರಡಿ.

ಫೋನಿನಲ್ಲಿ ಆಫ್‌ಲೈನ್ ನಕ್ಷೆ ಇಳಿಸುವುದು ಹೇಗೆ?

ಗೂಗಲ್ ಮ್ಯಾಪ್ಸ್‌ನಲ್ಲಿ ಹೀಗೆ ಮಾಡಿ. ಮನೆಯ ವೈಫೈಯಲ್ಲಿದ್ದಾಗ ಆಪ್ ತೆರೆದು ಬಲ ಮೇಲ್ಮೂಲೆಯ ನಿಮ್ಮ ಚಿತ್ರ ಒತ್ತಿ, ‘ಆಫ್‌ಲೈನ್ ನಕ್ಷೆಗಳು’ ಆರಿಸಿ, ಸ್ವಂತ ನಕ್ಷೆ ಆಯ್ದುಕೊಳ್ಳುವ ಸಾಲನ್ನು ಒತ್ತಿ. ಒಂದು ಚೌಕ ಕಾಣುತ್ತದೆ. ಎರಡು ಬೆರಳಲ್ಲಿ ಕುಗ್ಗಿಸಿ ಹಿಗ್ಗಿಸಿ ಉತ್ತರಕ್ಕೆ ಮಂಗಳೂರು, ದಕ್ಷಿಣಕ್ಕೆ ಕಣ್ಣೂರು, ಪೂರ್ವಕ್ಕೆ ಮಡಿಕೇರಿ ಒಳಗೆ ಬರುವಂತೆ ಹೊಂದಿಸಿ ಇಳಿಸಿಕೊಳ್ಳಿ. ಕೆಲವು ನೂರು ಎಂಬಿ ಜಾಗ ಬೇಕು. ಚೌಕವನ್ನು ಜಿಲ್ಲೆಯ ಗಡಿಗೇ ಕತ್ತರಿಸಿದರೆ ಜಾಲ್ಸೂರು, ಅಡ್ಯನಡ್ಕ ತಲುಪುವ ಮೊದಲೇ ನಕ್ಷೆ ಮುಗಿಯುತ್ತದೆ. ನಮ್ಮ ಓಡಾಟ ಗಡಿಗೆ ನಿಲ್ಲುವುದಿಲ್ಲವಾದ್ದರಿಂದ ಚೌಕವೂ ದೊಡ್ಡದೇ ಇರಲಿ.

ಆಫ್‌ಲೈನಿನಲ್ಲಿ ಕಾರಿನ ದಾರಿ ಸಿಗುತ್ತದೆ. ಟ್ರಾಫಿಕ್ ಮಾಹಿತಿ, ಪರ್ಯಾಯ ದಾರಿ ಸಿಗುವುದಿಲ್ಲ. ಮನೆಯ ಹೆಸರು, ಸಣ್ಣ ಅಂಗಡಿಯ ಹೆಸರು ಹುಡುಕಿದರೆ ಸಿಗದೆಯೂ ಹೋಗಬಹುದು. ಹೋಗಬೇಕಾದ ಜಾಗವನ್ನು ಹೊರಡುವ ಮುಂಚೆಯೇ ಹುಡುಕಿ ‘ಸೇವ್’ ಮಾಡಿಡಿ. ನಕ್ಷೆಗೆ ಅವಧಿಯೂ ಇದೆ. ತಾನಾಗಿ ಹೊಸದಾಗುವ ಆಯ್ಕೆ ಚಾಲೂ ಇದೆಯೇ ಎಂದು ಅದೇ ಪುಟದಲ್ಲಿ ನೋಡಿಕೊಳ್ಳಿ.

ಗಡಿ ದಾಟಿದ ಕೂಡಲೇ ಫೋನಿನ ನೆಟ್ ನಿಲ್ಲುತ್ತದೆ. ಏಕೆ?

ಸಿಮ್ ಕರ್ನಾಟಕದ್ದಾಗಿ ಟವರ್ ಕೇರಳದ್ದಾದರೆ ಫೋನಿನ ಲೆಕ್ಕದಲ್ಲಿ ಅದು ರೋಮಿಂಗ್. ಕೆಲವು ಫೋನುಗಳಲ್ಲಿ ‘ಡೇಟಾ ರೋಮಿಂಗ್’ ಆಫ್ ಇದ್ದರೆ ತಲಪಾಡಿಯಲ್ಲೋ ಅಡ್ಕಸ್ಥಳದಲ್ಲೋ ನೆಟ್ ಕಡಿಯುತ್ತದೆ, ಕರೆ ಮಾತ್ರ ಹೋಗುತ್ತಿರುತ್ತದೆ. ಸೆಟ್ಟಿಂಗಿನಲ್ಲಿ ಸಿಮ್ ವಿಭಾಗಕ್ಕೆ ಹೋಗಿ ಅದನ್ನು ಆನ್ ಮಾಡಿ. ಗಡಿಯ ಊರುಗಳಲ್ಲಿ ಫೋನು ಎರಡೂ ಕಡೆಯ ಟವರುಗಳ ನಡುವೆ ಜಿಗಿಯುತ್ತಿರುತ್ತದೆ. ಅಲ್ಲಿ ನೆಟ್ ಇದ್ದೂ ಇಲ್ಲದಂತಾದರೆ ಏರೋಪ್ಲೇನ್ ಮೋಡ್ ಒಮ್ಮೆ ಹಾಕಿ ತೆಗೆಯಿರಿ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಯಾವ ಯಂತ್ರವೂ ಸರಿಯಾಗಿ ಹೇಳುವುದಿಲ್ಲ ಎನ್ನುತ್ತಾರೆ. ನಿಜವೇ?

ನಿಜ, ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ನಕ್ಷೆಯ ವಯಸ್ಸು. ತಲಪಾಡಿಯಿಂದ ಚೆಂಗಳದವರೆಗೆ ಸುಮಾರು 39 ಕಿಲೋಮೀಟರ್ ಮಾರ್ಗ ಷಟ್ಪಥವಾಗಿದೆ. ಮೊದಲು ಬಲಕ್ಕೆ ತಿರುಗುತ್ತಿದ್ದ ಎಷ್ಟೋ ಪೇಟೆಗಳಲ್ಲಿ ಈಗ ನಡುವೆ ಕಾಂಕ್ರೀಟ್ ಗೋಡೆ. ಆಚೆ ಬದಿಗೆ ಹೋಗಲು ಮೊದಲೇ ಸರ್ವಿಸ್ ರಸ್ತೆಗೆ ಇಳಿದು ಅಂಡರ್‌ಪಾಸಿನಲ್ಲಿ ದಾಟಬೇಕು. 2018ರ ನಕ್ಷೆ ಇರುವ ಡ್ಯಾಶ್‌ಬೋರ್ಡು ‘ಮುಂದೆ ಬಲಕ್ಕೆ ತಿರುಗಿ’ ಎಂದು ಹಳೆ ಜಂಕ್ಷನ್ನನ್ನೇ ಹೇಳುತ್ತಾ ಕೂರುತ್ತದೆ. ಅದನ್ನು ನಂಬಿ ವೇಗದ ಮಾರ್ಗದಲ್ಲಿ ಬ್ರೇಕು ಹಾಕುವುದು ಬಹಳ ಅಪಾಯ, ಹಿಂದೆ ಲಾರಿ ಇರುತ್ತದೆ.

ಎರಡನೆಯದು ಜಿಪಿಎಸ್ಸಿನ ನಿಖರತೆ. ತೆರೆದ ಆಕಾಶದಡಿ ಫೋನಿನ ಜಿಪಿಎಸ್ ಸುಮಾರು 5 ಮೀಟರಿನೊಳಗೆ ಸರಿ ಇರುತ್ತದೆ. ಕೇರಳದಲ್ಲಿ ಈ ಹೆದ್ದಾರಿಗೆ ತೆಗೆದುಕೊಂಡ ಜಾಗದ ಅಗಲ 45 ಮೀಟರ್. ಅದರೊಳಗೆ ಎರಡು ಮುಖ್ಯ ಮಾರ್ಗ, ಎರಡು ಸರ್ವಿಸ್ ರಸ್ತೆ. ಪಕ್ಕದಲ್ಲಿ ಎತ್ತರದ ಮಣ್ಣಿನ ಗೋಡೆಯೋ ಮೇಲೆ ಫ್ಲೈಓವರೋ ಇದ್ದರೆ ಸಂಕೇತ ಗೋಡೆಗೆ ಬಡಿದು ಬರುತ್ತದೆ, ತಪ್ಪು ಹತ್ತಿಪ್ಪತ್ತು ಮೀಟರಿಗೆ ಏರುತ್ತದೆ. ಆಗ ಸರ್ವಿಸ್ ರಸ್ತೆಯಲ್ಲಿರುವ ಕಾರು ಮೇಲಿನ ಮಾರ್ಗದಲ್ಲಿದೆ ಎಂದೇ ಯಂತ್ರ ತಿಳಿಯುತ್ತದೆ. ಕಾಸರಗೋಡು ಪೇಟೆಯ ಫ್ಲೈಓವರಿನ ಮೇಲೆ ಮತ್ತು ಕೆಳಗೆ ಓಡಿಸಿದವರಿಗೆ ಇದು ಗೊತ್ತಿರುತ್ತದೆ.

ಪರಿಹಾರ ಇಷ್ಟೇ: ಹೆದ್ದಾರಿಯಿಂದ ಇಳಿಯುವ ಜಾಗವನ್ನು ಬೋರ್ಡು ನೋಡಿ ನಿರ್ಧರಿಸಿ. ಗುರಿಯ ಊರಿಗೆ ಒಂದೆರಡು ಕಿಲೋಮೀಟರ್ ಇರುವಾಗಲೇ ಎಡಕ್ಕೆ ಬನ್ನಿ. ಇಳಿಯುವುದು ತಪ್ಪಿದರೆ ಮುಂದಿನ ಅಂಡರ್‌ಪಾಸಿನವರೆಗೆ ಹೋಗಿ ತಿರುಗಿ ಬನ್ನಿ. ಹಿಂದಕ್ಕೆ ತೆಗೆಯುವುದಾಗಲಿ, ಸರ್ವಿಸ್ ರಸ್ತೆಯಲ್ಲಿ ಎದುರು ಬರುವುದಾಗಲಿ ಬೇಡ.

ಊರ ಹೆಸರು ಹಾಕಿದರೆ ಬೇರೆ ಯಾವುದೋ ಊರಿಗೆ ದಾರಿ ತೋರಿಸುತ್ತದೆ. ಏನು ಮಾಡುವುದು?

ಕಾಸರಗೋಡಿನಲ್ಲಿ ಇದು ಎಲ್ಲಕ್ಕಿಂತ ಹೆಚ್ಚು ಕಾಡುವ ತೊಂದರೆ. ನಮ್ಮ ಊರುಗಳಿಗೆ ಕನ್ನಡದ ಹೆಸರೊಂದು, ಮಲಯಾಳದ ರೂಪವೊಂದು, ಇಂಗ್ಲಿಷ್ ಅಕ್ಷರದ ಕಾಗುಣಿತ ಹಲವು. ಮೇಲಿಂದ ಅದೇ ಹೆಸರಿನ ಊರುಗಳು ಬೇರೆ ಕಡೆಯೂ ಇವೆ.

ಹೊಸದುರ್ಗ ಎಂದು ಕನ್ನಡದಲ್ಲಿ ಹಾಕಿದರೆ ಚಿತ್ರದುರ್ಗ ಜಿಲ್ಲೆಯ ತಾಲೂಕು ಕೇಂದ್ರ ಮೊದಲು ಬರಬಹುದು. ನಮಗೆ ಬೇಕಾದದ್ದಕ್ಕೆ ಕಾಞಂಗಾಡು ಎಂದು ಹಾಕಿ. ಬೆಳ್ಳೂರು ಎಂದರೆ ನಾಗಮಂಗಲದ ಕಡೆಯದ್ದೂ ಇದೆ. ಪುತ್ತಿಗೆ ಮೂಡುಬಿದಿರೆಯ ಹತ್ತಿರವೂ ಇದೆ, ಹೊಸಂಗಡಿ ಕುಂದಾಪುರದ ಕಡೆಯೂ ಇದೆ. ಅನಂತಪುರದ ಸರೋವರ ದೇವಸ್ಥಾನಕ್ಕೆ ಹೊರಟವರಿಗೆ ಆಂಧ್ರದ ಅನಂತಪುರ ಪೇಟೆಯ ದಾರಿ ಬಂದರೆ ಕಿಲೋಮೀಟರಿನ ಅಂಕಿ ನೋಡಿಯಾದರೂ ತಿಳಿಯಬೇಕು. ಎಲ್ಲಕ್ಕಿಂತ ಕಷ್ಟ ಅಡೂರಿನದು. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರೆ ದೂರದ ಪತ್ತನಂತಿಟ್ಟ ಜಿಲ್ಲೆಯ ಪೇಟೆ ಮೇಲೆ ಬರುತ್ತದೆ. ಅದನ್ನು ತಪ್ಪಿಸಿದರೂ ನಮ್ಮಲ್ಲೇ ಮುಳ್ಳೇರಿಯದ ಹತ್ತಿರ ಆದೂರು ಬೇರೆ, ದೇಲಂಪಾಡಿ ಪಂಚಾಯತಿನ ಅಡೂರು ಬೇರೆ. ಇಂಗ್ಲಿಷಿನಲ್ಲಿ ಬರೆದಾಗ ಎರಡೂ ಒಂದೇ ಆಗಿಬಿಡುತ್ತವೆ.

ಇದಕ್ಕೆ ಮೂರು ಉಪಾಯಗಳಿವೆ. ಹೆಸರಿನ ಜೊತೆ ಪಿನ್ ಕೋಡ್ ಹಾಕಿ: ಕಾಸರಗೋಡು ಜಿಲ್ಲೆಯ ಪಿನ್ ಕೋಡ್ ಹೆಚ್ಚಾಗಿ 671ರಿಂದ ಶುರುವಾಗುತ್ತದೆ, ಬೇರೆ ಅಂಕಿ ಕಂಡರೆ ಅದು ನಿಮ್ಮ ಊರೇ ಎಂದು ಇನ್ನೊಮ್ಮೆ ನೋಡಿ. ಮನೆಯ ಬದಲು ಹತ್ತಿರದ ಶಾಲೆ, ದೇವಸ್ಥಾನ, ಮಸೀದಿ ಅಥವಾ ಅಂಚೆ ಕಚೇರಿಯನ್ನು ಗುರಿಯಾಗಿಡಿ. ಎಲ್ಲಕ್ಕಿಂತ ಒಳ್ಳೆಯದು, ಆ ಮನೆಯವರಿಂದಲೇ ವಾಟ್ಸಾಪಿನಲ್ಲಿ ಲೊಕೇಶನ್ ತರಿಸಿಕೊಳ್ಳುವುದು. ಕಳುಹಿಸುವವರು ‘ಈಗಿನ ಸ್ಥಳ’ ಒತ್ತುವ ಮುಂಚೆ ಅಂಗಳಕ್ಕೆ ಬಂದು ಅರ್ಧ ನಿಮಿಷ ನಿಲ್ಲಬೇಕು. ಹೆಂಚಿನಡಿ, ತಾರಸಿಯಡಿ ಕೂತು ಕಳುಹಿಸಿದರೆ ಗುರುತು ಪಕ್ಕದ ಬೈಲಿಗೋ ತೋಡಿನ ಆಚೆಗೋ ಬೀಳುತ್ತದೆ, ಆಗ ಯಂತ್ರ ತೋಡಿನ ಆಚೆಯ ಮಾರ್ಗವನ್ನೇ ಹಿಡಿಸುತ್ತದೆ.

ಕಂಪನಿಯ ಡ್ಯಾಶ್‌ಬೋರ್ಡು ಮತ್ತು ಬಿಡಿ ಯಂತ್ರಗಳು ವಾಟ್ಸಾಪ್ ಲೊಕೇಶನ್ನನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲ. ಅಕ್ಷಾಂಶ ರೇಖಾಂಶ ಕೈಯಾರೆ ಒತ್ತಬೇಕು. ಇಲ್ಲಿ ಜನ ತಪ್ಪುವುದು ದಶಮಾಂಶದಲ್ಲಿ. ಕಾಸರಗೋಡಿನ ಅಕ್ಷಾಂಶ 12 ಡಿಗ್ರಿ 30 ನಿಮಿಷ. ದಶಮಾಂಶದಲ್ಲಿ ಅದು 12.5, 12.30 ಅಲ್ಲ. ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್ ಆದ್ದರಿಂದ ಈ ಸಣ್ಣ ತಪ್ಪಿಗೆ 22 ಕಿಲೋಮೀಟರ್ ದಕ್ಷಿಣಕ್ಕೆ, ಕಾಞಂಗಾಡಿನ ಹತ್ತಿರಕ್ಕೆ ಹೋಗುತ್ತೀರಿ. ಯಂತ್ರದ ಸೆಟ್ಟಿಂಗಿನಲ್ಲಿ ಯಾವ ರೂಪ ಇದೆ ಎಂದು ಮೊದಲು ನೋಡಿ.

ಕಾರಿನಲ್ಲೇ ಬಂದ ನ್ಯಾವಿಗೇಶನ್ ಹೆಚ್ಚು ನಿಖರ ಎನ್ನುವುದು ಸರಿಯೇ?

ಜಾಗ ಗುರುತಿಸುವ ಮಟ್ಟಿಗೆ ಹೆಚ್ಚಾಗಿ ಸರಿ. ಅದರ ಆಂಟೆನಾ ಆಕಾಶ ಕಾಣುವ ಕಡೆ ಇರುತ್ತದೆ, ಮತ್ತು ಹಲವು ಕಾರುಗಳಲ್ಲಿ ಚಕ್ರದ ವೇಗ ಹಾಗೂ ತಿರುವನ್ನು ಅಳೆಯುವ ಸೆನ್ಸರುಗಳ ಲೆಕ್ಕವೂ ಸೇರುತ್ತದೆ. ಉಪಗ್ರಹ ಕಾಣದಿದ್ದರೂ ಎಷ್ಟು ದೂರ ಓಡಿದೆ, ಯಾವ ಕಡೆ ತಿರುಗಿದೆ ಎಂದು ಅದು ಲೆಕ್ಕ ಹಾಕುತ್ತಲೇ ಇರುತ್ತದೆ. ತ್ರಿಶೂರು–ಪಾಲಕ್ಕಾಡ್ ನಡುವಿನ ಕುದಿರಾನ್ ಸುರಂಗ, ಮಂಗಳೂರಿನ ಮಾಲುಗಳ ನೆಲಮಾಳಿಗೆ ಪಾರ್ಕಿಂಗ್ ಇಂಥ ಕಡೆ ಫೋನಿಗಿಂತ ಇದೇ ವಾಸಿ. ಆದರೆ ಜಾಗ ಸರಿಯಾಗಿ ಗೊತ್ತಿದ್ದು ನಕ್ಷೆ ಹಳತಾದರೆ ಪ್ರಯೋಜನ ಅರ್ಧವೂ ಇಲ್ಲ. ನಮ್ಮ ಜಿಲ್ಲೆಯೊಳಗೆ ಉದ್ದದ ಸುರಂಗವೂ ಇಲ್ಲ, ಬದಲಾಗುತ್ತಿರುವ ಮಾರ್ಗಗಳು ಬೇಕಾದಷ್ಟಿವೆ.

ಕಂಪನಿಯ ನಕ್ಷೆಯನ್ನು ಹೊಸದು ಮಾಡಿಸುವುದು ಹೇಗೆ?

ಮೂರು ದಾರಿಗಳು: ಎಸ್‌ಡಿ ಕಾರ್ಡು, ಯುಎಸ್‌ಬಿ ಪೆನ್‌ಡ್ರೈವ್, ಇಲ್ಲವೇ ಕಾರಿನೊಳಗಿನ ಸಿಮ್. ಸೆಟ್ಟಿಂಗಿನಲ್ಲಿ ನಕ್ಷೆಯ ಆವೃತ್ತಿ, ತಿಂಗಳು ವರ್ಷ ಬರೆದಿರುತ್ತದೆ. ಟೆಸ್ಟ್ ಡ್ರೈವ್ ಹೊತ್ತಿಗೇ ಅದನ್ನು ತೆರೆಸಿ ನೋಡಿ. ಅಪ್‌ಡೇಟ್ ಎಷ್ಟು ವರ್ಷ ಉಚಿತ, ಆಮೇಲೆ ಎಷ್ಟು, ಮನೆಯಲ್ಲೇ ಮಾಡಬಹುದೋ ಸರ್ವಿಸ್ ಸೆಂಟರಿಗೇ ಹೋಗಬೇಕೋ ಎಂಬುದನ್ನು ಬರಹದಲ್ಲಿ ಕೇಳಿ. ಸಿಮ್ ಇರುವ ಕಾರುಗಳಲ್ಲಿ ಉಚಿತ ಅವಧಿ ಮುಗಿದ ಮೇಲೆ ವರ್ಷವರ್ಷ ಚಂದಾ ಕಟ್ಟಬೇಕಾಗುತ್ತದೆ.

ಎಸ್‌ಡಿ ಕಾರ್ಡಿನ ನಕ್ಷೆಯನ್ನು ಬೇರೆ ಕಾರ್ಡಿಗೆ ಕಾಪಿ ಮಾಡಿದರೆ ಸಾಮಾನ್ಯವಾಗಿ ನಡೆಯುವುದಿಲ್ಲ, ಆ ಕಾರ್ಡಿನ ಗುರುತಿನ ಸಂಖ್ಯೆಗೆ ಬೀಗ ಹಾಕಿರುತ್ತಾರೆ. ಹಳೆ ಕಾರು ಕೊಳ್ಳುವಾಗ ಕಾರ್ಡು ಅದರ ಜಾಗದಲ್ಲೇ ಇದೆಯೇ ಎಂದು ನೋಡಿ. ಹಾಡು ತುಂಬಿಸಲೆಂದು ಯಾರಾದರೂ ಅದನ್ನು ತೆಗೆದಿದ್ದರೆ ನ್ಯಾವಿಗೇಶನ್ ಗುಂಡಿ ಇದ್ದೂ ಉಪಯೋಗಕ್ಕಿಲ್ಲ.

ಕನ್ನಡದಲ್ಲಿ ದಾರಿ ಹೇಳುತ್ತದೆಯೇ?

ಗೂಗಲ್ ಮ್ಯಾಪ್ಸ್ 2018ರಿಂದ ಕನ್ನಡದಲ್ಲಿ ದಾರಿ ಹೇಳುತ್ತಿದೆ. ಸೆಟ್ಟಿಂಗ್, ನ್ಯಾವಿಗೇಶನ್, ಧ್ವನಿ ಆಯ್ಕೆ ಎಂಬಲ್ಲಿ ಕನ್ನಡ ಆರಿಸಿ. ಕಾರಿನ ಕಂಪನಿಯ ನ್ಯಾವಿಗೇಶನಿನಲ್ಲಿ ಕನ್ನಡ ಇದೆಯೇ ಎಂದು ಕಾರಿನಲ್ಲೇ ಕೂತು ಕೇಳಿ ನೋಡಿ. ಮನೆಯ ಹಿರಿಯರು ಓಡಿಸುವ ಕಾರಾದರೆ ಇದಕ್ಕೆ ಬೆಲೆ ಕೊಡಬೇಕು, ಇಂಗ್ಲಿಷಿನ ಧ್ವನಿ ನಮ್ಮ ಊರ ಹೆಸರುಗಳನ್ನು ಗುರುತೇ ಸಿಗದ ಹಾಗೆ ಹೇಳುತ್ತದೆ.

ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸುವಾಗ ಏನೇನು ನೋಡಬೇಕು?

ಮೊದಲು ಅಳತೆ. ಹಳೆ ಕಾರುಗಳಲ್ಲಿ ಸ್ಟೀರಿಯೊ ಕೂರುವ, ಡಬಲ್ ಡಿನ್ ಎನ್ನುವ ಜಾಗ ಸುಮಾರು 18 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಅದಕ್ಕೆ 7 ಇಂಚಿನ ಸೆಟ್ ಕೂರುತ್ತದೆ. 9 ಇಂಚು, 10 ಇಂಚಿಗೆ ನಿಮ್ಮ ಕಾರಿನ ಮಾಡೆಲಿಗೇ ಮಾಡಿದ ಫ್ರೇಮ್ ಬೇಕು. ಫ್ರೇಮ್ ಸರಿಯಿಲ್ಲದಿದ್ದರೆ ನಮ್ಮ ಮಾರ್ಗಗಳಲ್ಲಿ ಒಂದೇ ತಿಂಗಳಿಗೆ ಗಡಗಡ ಶಬ್ದ ಶುರು. ಎಸಿ ಕಿಂಡಿಗೆ ಸ್ಕ್ರೀನ್ ಅಡ್ಡ ಬರುವುದಿಲ್ಲವೆಂದೂ ನೋಡಿ.

ರ‍್ಯಾಮ್ 4 ಜಿಬಿ ಇರಲಿ. 1 ಜಿಬಿ, 2 ಜಿಬಿಯ ಸೆಟ್ಟುಗಳಲ್ಲಿ ಹಾಡೂ ನಕ್ಷೆಯೂ ಒಟ್ಟಿಗೆ ಓಡಿದಾಗ ತಿರುವು ದಾಟಿದ ಮೇಲೆ ‘ತಿರುಗಿ’ ಎನ್ನುತ್ತದೆ. ಡಬ್ಬಿಯ ಮೇಲಿನ ಆಂಡ್ರಾಯ್ಡ್ ಆವೃತ್ತಿಯನ್ನೂ ರ‍್ಯಾಮ್ ಅಂಕಿಯನ್ನೂ ಹಾಗೆಯೇ ನಂಬಬೇಡಿ. ಅಗ್ಗದ ಸೆಟ್ಟುಗಳಲ್ಲಿ ಸುಳ್ಳು ಅಂಕಿ ತೋರಿಸುವ ರೂಢಿ ಇದೆ. ಅಂಗಡಿಯಲ್ಲೇ ಹಾಡು ಹಾಕಿಸಿ, ನಕ್ಷೆ ಓಡಿಸಿ, ಆಮೇಲೆ ರಿವರ್ಸ್ ಗೇರ್ ಹಾಕಿಸಿ. ಕ್ಯಾಮರಾ ಕೂಡಲೇ ಬಂದು, ಗೇರ್ ತೆಗೆದ ಕೂಡಲೇ ನಕ್ಷೆ ಇದ್ದಲ್ಲಿಗೆ ಮರಳಿದರೆ ಸರಿ.

ವಯರಿಂಗಿನಲ್ಲಿ ಪಟ್ಟು ಹಿಡಿಯಿರಿ. ಕಾರಿನ ಮೂಲ ವಯರು ಕತ್ತರಿಸದೆ, ನಿಮ್ಮ ಮಾಡೆಲಿನ ಕಪ್ಲರ್ (ವಯರು ಸಿಕ್ಕಿಸುವ ಪ್ಲಗ್) ಹಾಕಿ ಜೋಡಿಸಬೇಕು. ಕತ್ತರಿಸಿ ಟೇಪು ಸುತ್ತಿದರೆ ಕಂಪನಿಯ ವಾರಂಟಿಗೆ ತಕರಾರು, ಮಳೆಗಾಲದ ತೇವಕ್ಕೆ ಟೇಪು ಬಿಡುವುದು ಬೇರೆ. ಸೆಟ್ಟಿನ ಹಳದಿ ವಯರು ಯಾವಾಗಲೂ ಕರೆಂಟ್ ಇರುವ ಕಡೆಗೆ, ಕೆಂಪು ವಯರು ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಕಡೆಗೆ, ಕಪ್ಪು ಅರ್ಥಿಗೆ. ಹಳದಿ ಕೆಂಪು ಅದಲುಬದಲಾದರೆ ಕಾರು ಆಫ್ ಮಾಡಿದಾಗಲೆಲ್ಲ ಗಡಿಯಾರ, ಸೆಟ್ಟಿಂಗು ಅಳಿಸಿಹೋಗುತ್ತವೆ. ಎರಡನ್ನೂ ಹಳದಿಯ ಜಾಗಕ್ಕೇ ಸೇರಿಸಿದರೆ ಸೆಟ್ ಆಫ್ ಆಗದೆ ಎರಡು ಮೂರು ದಿನಕ್ಕೆ ಬ್ಯಾಟರಿ ಖಾಲಿಯಾಗಬಹುದು. ಕಾರಿನ ಕಡೆಯ ವಯರುಗಳ ಬಣ್ಣ ಕಂಪನಿಗೊಂದು ತರ, ಬಣ್ಣ ನಂಬದೆ ಮಲ್ಟಿಮೀಟರ್ ಹಿಡಿದು ನೋಡುವ ಕೆಲಸಗಾರನಲ್ಲಿಗೆ ಹೋಗಿ.

ಇನ್ನು ಜಿಪಿಎಸ್ ಆಂಟೆನಾ. ಕಪ್ಪು ಬಣ್ಣದ ಸಣ್ಣ ಚೌಕದ ಡಬ್ಬಿ, ಉದ್ದದ ವಯರು. ಕೆಲಸ ಬೇಗ ಮುಗಿಸಲು ಅದನ್ನು ಸೆಟ್ಟಿನ ಹಿಂದೆ ಕಬ್ಬಿಣದ ಪಟ್ಟಿಗಳ ನಡುವೆ ತುರುಕಿಬಿಡುತ್ತಾರೆ. ‘ಸೆಟ್ಟಿನ ಜಿಪಿಎಸ್ ಸರಿಯಿಲ್ಲ’ ಎಂದು ಬರುವ ದೂರುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಆಂಟೆನಾ ಮುಂದಿನ ಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನ ಮೇಲೆ ಅಥವಾ ಅದರ ತೆಳು ಪದರದ ಕೆಳಗೆ, ಮುಖ ಮೇಲಾಗಿ ಇರಬೇಕು. ಗಾಜಿಗೆ ಲೋಹದ ಪದರವಿರುವ ಶಾಖ ತಡೆಯುವ ಫಿಲ್ಮ್ ಇದ್ದರೆ ಅದೂ ಸಂಕೇತವನ್ನು ತಡೆಯುತ್ತದೆ.

ಫೋನು ಬಿಸಿಯಾಗಿ ನಡುದಾರಿಯಲ್ಲಿ ಆಫ್ ಆಗುತ್ತದೆ. ಏನು ಪರಿಹಾರ?

ಐಫೋನನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಬೇಕೆಂದು ಅದನ್ನು ಮಾಡಿದವರೇ ಹೇಳುತ್ತಾರೆ. ಎಪ್ರಿಲ್ ತಿಂಗಳ ಮಧ್ಯಾಹ್ನ ಮುಚ್ಚಿಟ್ಟ ಕಾರಿನ ಡ್ಯಾಶ್‌ಬೋರ್ಡು 60 ಡಿಗ್ರಿ ದಾಟುತ್ತದೆ. ಅದರ ಮೇಲೆ ಪೂರ್ತಿ ಬೆಳಕಿನ ಸ್ಕ್ರೀನು, ಜಿಪಿಎಸ್, ಚಾರ್ಜಿಂಗ್ ಮೂರೂ ಸೇರಿದರೆ ಫೋನು ತನ್ನನ್ನು ಕಾಪಾಡಿಕೊಳ್ಳಲು ಮೊದಲು ಚಾರ್ಜಿಂಗ್ ನಿಲ್ಲಿಸುತ್ತದೆ, ಆಮೇಲೆ ಬೆಳಕು ತಗ್ಗಿಸುತ್ತದೆ, ಕೊನೆಗೆ ಆಫ್ ಆಗುತ್ತದೆ.

ಎಸಿ ಕಿಂಡಿಗೆ ಸಿಕ್ಕಿಸುವ ಹೋಲ್ಡರಿನಲ್ಲಿ ಈ ತೊಂದರೆ ಕಡಿಮೆ. ದಪ್ಪ ಕವರು ತೆಗೆಯಿರಿ, ವೈರ್‌ಲೆಸ್ ಚಾರ್ಜಿಂಗ್ ಬಿಟ್ಟು ಕೇಬಲ್ ಬಳಸಿ. ಬಿಸಿಯಾದ ಫೋನನ್ನು ಫ್ರಿಜ್ಜಿನಲ್ಲಿಡಬೇಡಿ, ಒಳಗೆ ತೇವ ಕಟ್ಟುತ್ತದೆ. ಸೀಟಿನ ಮೇಲೆ ನೆರಳಲ್ಲಿ ಐದು ನಿಮಿಷ ಇಟ್ಟರೆ ಸಾಕು.

ಫೋನು ಬಿಸಿಯಾಗದೆಯೂ, ಚಾರ್ಜ್ ಹಾಕಿದ್ದರೂ ಬ್ಯಾಟರಿ ಇಳಿಯುತ್ತಿದ್ದರೆ ಅದು ಹೆಚ್ಚಾಗಿ ಚಾರ್ಜರಿನ ದೋಷ. ಹಳೆ ಕಾರಿನ ಯುಎಸ್‌ಬಿ ತೂತು ಅರ್ಧ ಆಂಪಿಯರ್ ಮಾತ್ರ ಕೊಡುವುದುಂಟು, ನಕ್ಷೆ ಓಡುವ ಫೋನಿಗೆ ಅದು ಸಾಲದು. 12 ವೋಲ್ಟ್ ಸಾಕೆಟಿಗೆ ಕನಿಷ್ಠ 2 ಆಂಪಿಯರಿನ ಚಾರ್ಜರ್ ಹಾಕಿ. ಸಾಕೆಟೇ ಸತ್ತಿದ್ದರೆ ಮೊದಲು ಫ್ಯೂಸ್ ನೋಡಿ, ಸಾಮಾನ್ಯವಾಗಿ 10 ಅಥವಾ 15 ಆಂಪಿಯರಿನದು.

ಹೋಲ್ಡರನ್ನು ಎಲ್ಲಿ ಹಾಕಬೇಕು?

ಏರ್‌ಬ್ಯಾಗ್ ಎಂದು ಬರೆದ ಜಾಗದ ಮೇಲೆ, ಅದು ತೆರೆದುಕೊಳ್ಳುವ ದಾರಿಯಲ್ಲಿ ಖಂಡಿತ ಬೇಡ. ಎಡಬದಿಯ ಡ್ಯಾಶ್‌ಬೋರ್ಡಿನ ಮೇಲ್ಭಾಗ ಅಂಥದ್ದು, ಹಲವು ಕಾರುಗಳಲ್ಲಿ ಪಕ್ಕದ ಕಂಬದ ಉದ್ದಕ್ಕೂ ಇರುತ್ತದೆ. ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಉಬ್ಬುವಾಗ ಅಡ್ಡ ಇದ್ದ ಫೋನು ಮುಖಕ್ಕೆ ಎಸೆದ ಕಲ್ಲಾಗುತ್ತದೆ. ಗಾಜಿನ ನಡುವೆ ಹಾಕಿ ಮಾರ್ಗ ಮರೆಮಾಡಬೇಡಿ.

ಸಕ್ಷನ್ ಬುಡ ಬಿಸಿಲಿಗೆ ಬಿಡುವುದು ಸಾಮಾನ್ಯ. ಗಾಜನ್ನು ಒಳಗಿನಿಂದ ಸ್ಪಿರಿಟ್ ಹಚ್ಚಿ ಒರೆಸಿ, ರಬ್ಬರನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಅಂಟಿಸಿದರೆ ಮತ್ತೆ ಹಿಡಿಯುತ್ತದೆ. ರಾತ್ರಿ ಕಾರಿನಲ್ಲಿ ಬಿಡಿ ಯಂತ್ರ ಬಿಟ್ಟು ಹೋಗಬೇಡಿ, ಗಾಜಿನ ಮೇಲಿನ ದುಂಡು ಗುರುತನ್ನೂ ಒರೆಸಿ.

ಆಂಡ್ರಾಯ್ಡ್ ಆಟೋ ಆಗಾಗ ಕಡಿದುಹೋಗುತ್ತದೆ. ಸ್ಟೀರಿಯೊ ಕೆಟ್ಟಿದೆಯೇ?

ಹೆಚ್ಚಾಗಿ ಕೇಬಲ್ ಕೆಟ್ಟಿರುತ್ತದೆ. ಚಾರ್ಜಿಂಗಿಗೆ ಮಾತ್ರ ಇರುವ ಅಗ್ಗದ ಕೇಬಲಿನಲ್ಲಿ ಡೇಟಾ ವಯರೇ ಇರುವುದಿಲ್ಲ. ಒಂದು ಮೀಟರಿಗಿಂತ ಗಿಡ್ಡದ, ಫೋನಿನ ಜೊತೆ ಬಂದ ಕೇಬಲ್ ಹಾಕಿ ನೋಡಿ. ಫೋನಿನ ತೂತಿನಲ್ಲಿ ಜೇಬಿನ ನೂಲು, ಧೂಳು ಸೇರಿದ್ದರೆ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಆಮೇಲೂ ಕಡಿದರೆ ಫೋನಿನ ಬ್ಯಾಟರಿ ಉಳಿತಾಯ ಆಯ್ಕೆ ಆಂಡ್ರಾಯ್ಡ್ ಆಟೋವನ್ನು ಮಲಗಿಸುತ್ತಿದೆಯೇ ನೋಡಿ.

ಓಡಿಸುತ್ತಾ ಫೋನಿನಲ್ಲಿ ನಕ್ಷೆ ನೋಡಿದರೆ ದಂಡ ಬೀಳುತ್ತದೆಯೇ?

2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮದ ತಿದ್ದುಪಡಿ ಪ್ರಕಾರ, ಚಾಲಕನ ಗಮನ ಕೆಡದ ರೀತಿಯಲ್ಲಿ ದಾರಿ ನೋಡಲು ಮಾತ್ರ ಫೋನು ಬಳಸಬಹುದು. ಉಳಿದಂತೆ ಓಡಿಸುವಾಗ ಫೋನು ಬಳಸುವುದು ಅಪಾಯಕಾರಿ ಚಾಲನೆಯ ಕಲಮಿನಡಿ ಬರುತ್ತದೆ. ಕೇರಳದ ಎಐ ಕ್ಯಾಮರಾಗಳು 2023ರ ಜೂನ್‌ನಿಂದ ಫೋನು ಬಳಕೆಯನ್ನೂ ಹಿಡಿಯುತ್ತಿವೆ. ಆದ್ದರಿಂದ ಫೋನು ಕೈಯಲ್ಲಿ, ತೊಡೆಯ ಮೇಲೆ ಬೇಡ, ಹೋಲ್ಡರಿನಲ್ಲಿರಲಿ. ಗುರಿಯನ್ನು ಕಾರು ಹೊರಡುವ ಮುಂಚೆ ಒತ್ತಿ, ಬದಲಿಸಬೇಕಾದರೆ ಬದಿಗೆ ನಿಲ್ಲಿಸಿ.

ಯಂತ್ರ ಕಿರಿದಾದ ಒಳದಾರಿಗೇ ನುಗ್ಗಿಸುತ್ತದೆ. ತಪ್ಪಿಸುವುದು ಹೇಗೆ?

ಮೊದಲು ವಾಹನದ ಗುರುತು ನೋಡಿ. ಭಾರತದಲ್ಲಿ ಗೂಗಲ್ ಮ್ಯಾಪ್ಸಿಗೆ ಬೈಕಿನ ಮೋಡ್ ಬೇರೆ ಇದೆ. ಸ್ಕೂಟರಿನಲ್ಲಿ ಹೋಗಿ ಬಂದ ಫೋನು ಮಾರನೆ ದಿನ ಕಾರಿನಲ್ಲೂ ಅದೇ ಮೋಡಿನಲ್ಲಿದ್ದರೆ ತೋಟದ ನಡುವಿನ ಓಣಿಯನ್ನು ತೋರಿಸುವುದು ಸಹಜ. ‘ಟೋಲ್ ತಪ್ಪಿಸು’ ಆನ್ ಇದ್ದರೂ ತಲಪಾಡಿ ಟೋಲ್ ಬಿಡಿಸಲು ಹೊಸಂಗಡಿಯಿಂದ ವರ್ಕಾಡಿ ಕಡೆಯ ತಿರುವುಗಳಿಗೆ ಕಳುಹಿಸಬಹುದು.

ಮಳೆಗಾಲದಲ್ಲಿ ಇದು ಜೀವದ ಪ್ರಶ್ನೆ. 2024ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಪಳ್ಳಂಜಿಯಲ್ಲಿ, ನಕ್ಷೆ ನೋಡಿ ಹೋಗುತ್ತಿದ್ದ ಇಬ್ಬರು ಯುವಕರ ಕಾರು ತಡೆಗೋಡೆಯಿಲ್ಲದ ಸೇತುವೆಯಿಂದ ತುಂಬಿದ ಹೊಳೆಗೆ ಬಿತ್ತು. ಇಬ್ಬರೂ ಮರ ಹಿಡಿದು ನಿಂತು, ಅಗ್ನಿಶಾಮಕ ದಳದವರ ನೆರವಿನಿಂದ ಬದುಕಿದರು. ಮುಳುಗು ಸೇತುವೆ, ಕಿಂಡಿ ಅಣೆಕಟ್ಟಿನ ಮೇಲಿನ ಸಂಕ, ತೋಡು ದಾಟುವ ಮೋರಿ ಎಲ್ಲವೂ ನಕ್ಷೆಯಲ್ಲಿ ಒಂದೇ ಗೆರೆ. ಇವತ್ತು ಅದರ ಮೇಲೆ ನೀರು ಹರಿಯುತ್ತಿದೆಯೋ ಇಲ್ಲವೋ ಎಂಬುದು ಯಾವ ಬೆಲೆಯ ಯಂತ್ರಕ್ಕೂ ತಿಳಿಯದು.

ಹೊರಡುವ ಮುಂಚೆ ಪೂರ್ತಿ ದಾರಿಯನ್ನು ದೊಡ್ಡದು ಮಾಡಿ ನೋಡಿ. ಬಸ್ ನಿಲ್ದಾಣದ ಗುರುತುಗಳಿರುವ ಮಾರ್ಗದಲ್ಲಿ ಕಾರು ಖಂಡಿತ ಹೋಗುತ್ತದೆ. ಗುರುತೇ ಇಲ್ಲದ ತೆಳು ಗೆರೆ ಐದು ನಿಮಿಷ ಉಳಿಸುತ್ತದೆ ಎಂದರೂ ಬೇಡ. ನಡುವೆ ಒಂದು ಪೇಟೆಯನ್ನು ನಿಲುಗಡೆಯಾಗಿ ಸೇರಿಸಿದರೆ ದಾರಿ ದೊಡ್ಡ ಮಾರ್ಗಕ್ಕೇ ಕಟ್ಟಿಬೀಳುತ್ತದೆ. ಸುಳ್ಯಕ್ಕೆ ಹೋಗುವವರು ಮುಳ್ಳೇರಿಯ, ಜಾಲ್ಸೂರನ್ನೂ, ವಿಟ್ಲಕ್ಕೆ ಹೋಗುವವರು ಬದಿಯಡ್ಕ, ಪೆರ್ಲವನ್ನೂ ಹೀಗೆ ಸೇರಿಸಬಹುದು. ನೀರು ಮಾರ್ಗದ ಮೇಲೆ ಬಂದಿರುವುದು ಕಂಡರೆ ಆಳ ಅಳೆಯಲು ಹೋಗದೆ ಹಿಂದೆ ತಿರುಗಿ.

ವಯನಾಡಿನ ಮೂಲಕ ಮೈಸೂರಿಗೆ ಹೋಗುವವರು ಗಂಟೆಯನ್ನೂ ನೋಡಿ: ಬಂಡೀಪುರದ ಕಾಡಿನ ಮಾರ್ಗ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಹಳೆ ನಕ್ಷೆಯ ಯಂತ್ರಕ್ಕೆ ಇದರ ಅರಿವಿಲ್ಲದೆ ಚೆಕ್‌ಪೋಸ್ಟಿನ ತನಕ ಕರೆದುಕೊಂಡು ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಬಿಡಿ ಜಿಪಿಎಸ್ ಕಡಿಮೆಗೆ ಸಿಗುತ್ತಿದೆ. ಕೊಳ್ಳಬಹುದೇ?

ತೆರೆದ ಜಾಗದಲ್ಲಿ ಆನ್ ಮಾಡಿ ತಾರೀಖು ನೋಡಿ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. ಕೊನೆಯದಾಗಿ ಹೀಗಾದದ್ದು 2019ರ ಎಪ್ರಿಲ್ 6ರಂದು. ಅದಕ್ಕೆ ಸಿದ್ಧವಿಲ್ಲದ ಹಳೆ ಯಂತ್ರಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸುತ್ತವೆ, ತಲುಪುವ ಹೊತ್ತಿನ ಲೆಕ್ಕವೂ ಅದರಿಂದ ಕೆಡಬಹುದು. ಬ್ಯಾಟರಿ ಉಬ್ಬಿ ಹಿಂಬದಿ ಎದ್ದಿದ್ದರೆ ಕೈಯಲ್ಲೂ ಹಿಡಿಯಬೇಡಿ. ತಾರೀಖು ಸರಿ ಇದ್ದರೆ ಕಾಸರಗೋಡು ಪೇಟೆಯನ್ನು ತೆರೆದು ಹೆದ್ದಾರಿಯ ಫ್ಲೈಓವರ್ ನಕ್ಷೆಯಲ್ಲಿದೆಯೇ ನೋಡಿ. ಇಲ್ಲದಿದ್ದರೆ, ಹೊಸ ನಕ್ಷೆಯ ಬೆಲೆಯನ್ನೂ ಕೂಡಿಸಿ ಆಮೇಲೆ ಮಾತಾಡಿ.